ಎಲ್ಲರೂ ಚಿಂತಾಮಣಿಗೆ ಹೋದ ದಿನ

ಒಂದು ಶುಕ್ರವಾರ ಸಂಜೆ 6 ಗಂಟೆ 41 ನಿಮಿಷಕ್ಕೆ ನಮ್ಮ ಕಂಪನಿಯ 84,312 ಗ್ರಾಹಕರು ಒಟ್ಟಿಗೆ ಚಿಂತಾಮಣಿಗೆ ಮನೆ ಬದಲಾಯಿಸಿದರು. ಬೀದರಿನವರು, ಕಾರವಾರದವರು, ಕೊಳ್ಳೇಗಾಲದವರು, ಎಲ್ಲರೂ. ಲಾರಿ ಇಲ್ಲ, ಗಂಟುಮೂಟೆ ಇಲ್ಲ, ಹಾಲುಕ್ಕಿಸಿದ್ದೂ ಇಲ್ಲ. ಸಾಗಿಸಿದವನು ನಾನು.

ನಿಜವಾಗಿ ಹೋಗಬೇಕಿದ್ದದ್ದು ಒಬ್ಬರೇ. ಮಂಡ್ಯದ ಮೇಷ್ಟ್ರೊಬ್ಬರಿಗೆ ಚಿಂತಾಮಣಿಗೆ ವರ್ಗವಾಗಿತ್ತು. ವಿಳಾಸ ಬದಲಿಸುವ ಪುಟ ಅವತ್ತು ಕೆಟ್ಟು ಕೂತಿತ್ತು. 'ಡೇಟಾಬೇಸಲ್ಲೇ ಬದಲಿಸಿಬಿಡಿ ಸಾರ್, ಒಂದೇ ಸಾಲು ತಾನೆ' ಅಂದಳು ಕಸ್ಟಮರ್ ಕೇರ್ ಹುಡುಗಿ. ಈ 'ಒಂದೇ ಸಾಲು ತಾನೆ' ಅನ್ನುವುದು ಡಿಬಿಎ ಕೆಲಸದಲ್ಲಿ, ಅಂದರೆ ಡೇಟಾಬೇಸ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ, ಕೇಳಬಾರದ ಮಾತು. ವೈದ್ಯರು 'ಚೂರೂ ನೋಯಲ್ಲ' ಅನ್ನುವ ಹಾಗೆ.

ಡೇಟಾ ಬದಲಿಸುವ ಆಜ್ಞೆ, ಮೂರು ಸಾಲಿನ ಅಪ್‌ಡೇಟ್, ಬರೆದೆ. ಮೊದಲ ಸಾಲು ಯಾವ ಟೇಬಲ್ ಅಂತ. ಎರಡನೆಯದು ಊರಿನ ಜಾಗದಲ್ಲಿ ಚಿಂತಾಮಣಿ ಅಂತ ಹಾಕು ಅಂತ. ಮೂರನೆಯದು ವೇರ್, ಅಂದರೆ ಯಾರದ್ದು ಅಂತ. ಬರೆದದ್ದು ಸರಿಯಾಗಿಯೇ ಇತ್ತು, ಇದನ್ನು ನನ್ನ ಪರವಾಗಿ ಯಾರಾದರೂ ಗಮನಿಸಬೇಕು. ಆದರೆ ಆ ಸಾಫ್ಟ್‌ವೇರಿನಲ್ಲಿ ಮೌಸ್ ಎಳೆದು ಎಷ್ಟಕ್ಕೆ ಬಣ್ಣ ಬಳಿಯುತ್ತೀವೋ ಅಷ್ಟೇ ಓಡುತ್ತದೆ. ನನ್ನ ಕೈ ಎರಡನೇ ಸಾಲಿಗೇ ನಿಂತಿತ್ತು. ಮನೆಗೆ ಹೋಗುವ ಅವಸರ ನೋಡಿ.

'ಅಪ್‌ಡೇಟ್ 1', ಅಂದರೆ ಒಬ್ಬರದ್ದು ಬದಲಾಯಿತು, ಅಂತ ಬರಬೇಕಾದ ಜಾಗದಲ್ಲಿ 'ಅಪ್‌ಡೇಟ್ 84312' ಅಂತ ಬಂತು. ಮೊದಲು ಅದು ಗ್ರಾಹಕರ ನಂಬರ್ ಇರಬೇಕು ಅಂದುಕೊಂಡೆ. ಆಮೇಲೆ ಕಿವಿಯ ಹಿಂದೆ ಬಿಸಿಯಾಯಿತು. ಕಂಟ್ರೋಲ್ ಝಡ್ ಒತ್ತಿದೆ. ಅದು ನಾನು ಟೈಪ್ ಮಾಡಿದ ಅಕ್ಷರಗಳನ್ನು ವಾಪಸ್ ತೆಗೆಯಿತೇ ಹೊರತು ಜನರನ್ನಲ್ಲ. ಪಕ್ಕದ ಸೀಟಿನ ಹಿರಿಯರು ಬಂದು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. 'ಎಲ್ಲಾರೂ ಚಿಂತಾಮಣೀಲೇ ಇದಾರಲ್ಲೋ' ಅಂದರು. ಚಿಂತೆಯೆಲ್ಲ ನನ್ನ ಪಾಲಿಗೆ, ಮಣಿ ಮಾತ್ರ ಎಲ್ಲೂ ಇಲ್ಲ.

ನನ್ನನ್ನು ಉಳಿಸಿದ್ದು ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನ ಒಂದು ಹಳೇ ಅಭ್ಯಾಸ. ಮಂಡಿ ಸಾಹುಕಾರರು ಖಿರ್ದಿ ಪುಸ್ತಕದಲ್ಲಿ ಬರೆದುಕೊಳ್ಳದೆ ಒಂದು ಮೂಟೆಯನ್ನೂ ಅಲ್ಲಾಡಿಸುವುದಿಲ್ಲ ಅಲ್ವಾ? ಹಾಗೇ ಈ ಡೇಟಾಬೇಸ್ ಕೂಡ ಪ್ರತಿ ಬದಲಾವಣೆಯನ್ನೂ ಮೊದಲು 'ವಾಲ್' ಅನ್ನುವ ಖಿರ್ದಿಯಲ್ಲಿ ಬರೆದುಕೊಳ್ಳುತ್ತದೆ. ಭಾನುವಾರದ ಪೂರ್ತಿ ಬ್ಯಾಕಪ್ಪನ್ನು ಬೇರೊಂದು ಮೆಷಿನ್ ಮೇಲೆ ಇಳಿಸಿದೆವು. ಅಲ್ಲಿಂದ ಖಿರ್ದಿಯನ್ನು ಓದಿಸುತ್ತಾ ಬಂದು, ಶುಕ್ರವಾರ 6 ಗಂಟೆ 40 ನಿಮಿಷಕ್ಕೆ ನಿಲ್ಲು ಅಂದೆವು. ನಿಂತಿತು. ಅಲ್ಲಿ ಎಲ್ಲರೂ ಅವರವರ ಊರಿನಲ್ಲೇ ಇದ್ದರು. ಆ ಮೆಷಿನ್ನಿನಿಂದ ಊರಿನ ಹೆಸರನ್ನಷ್ಟೇ ತಂದು ಇಲ್ಲಿ ಕೂರಿಸಿದಾಗ ರಾತ್ರಿ ಒಂದೂವರೆ. ಅಷ್ಟರಲ್ಲಿ 11 ಪಾರ್ಸೆಲ್ಲಿಗೆ ಚೀಟಿ ಅಂಟಿಯಾಗಿತ್ತು. ಶನಿವಾರ ಬೆಳಗ್ಗೆ ಕೊರಿಯರ್ ಹುಡುಗ ಫೋನ್ ಮಾಡಿದ: 'ಚಿಂತಾಮಣೀಲಿ ಏನಾದ್ರೂ ಜಾತ್ರೆನಾ ಸಾರ್?'

ಅವತ್ತಿನಿಂದ ಒಂದು ನೇಮ ಹಿಡಿದೆ. ಮೊದಲು ಬಿಗಿನ್, ಅಂದರೆ ವ್ಯವಹಾರ ಶುರು, ಇನ್ನೂ ಖಾಯಂ ಅಲ್ಲ. ಆಮೇಲೆ ಅದೇ ವೇರ್ ಹಾಕಿ ಸೆಲೆಕ್ಟ್ ಮಾಡಿ, ಅಂದರೆ ಬದಲಿಸದೆ ಬರೀ ತೋರಿಸು ಅಂತ ಹೇಳಿ, ಎಷ್ಟು ಸಾಲು ಬರುತ್ತದೆ ಅಂತ ಎಣಿಸುವುದು. ಆಮೇಲೆ ಅಪ್‌ಡೇಟ್. ಬಂದ ಸಂಖ್ಯೆ ಸರಿ ಇದ್ದರೆ ಕಮಿಟ್ ಅಂತ ಖಾಯಂ ಮಾಡುವುದು, ಇಲ್ಲದಿದ್ದರೆ ರೋಲ್‌ಬ್ಯಾಕ್ ಅಂತ ವಾಪಸ್ ತೆಗೆಯುವುದು. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಇನ್ನೂ ಸುಲಭದ ದಾರಿ ಇದೆ. ಸೇಫ್ ಅಪ್‌ಡೇಟ್ಸ್ ಅನ್ನುವ ಆಯ್ಕೆ ಹಾಕಿಕೊಂಡರೆ, ಕೀ, ಅಂದರೆ ಹುಡುಕುವ ಗುರುತು, ಇರುವ ವೇರ್ ಅಥವಾ ಇಷ್ಟೇ ಸಾಲು ಅನ್ನುವ ಲಿಮಿಟ್ ಇಲ್ಲದ ಅಪ್‌ಡೇಟ್, ಡಿಲೀಟ್‌ಗಳನ್ನು ಅದು ಓಡಿಸುವುದೇ ಇಲ್ಲ. ಈ ಆಯ್ಕೆಗೆ ಅವರೇ ಕೊಟ್ಟಿರುವ ಇನ್ನೊಂದು ಹೆಸರು 'ಐ ಆ್ಯಮ್ ಎ ಡಮ್ಮಿ'. ನಾನೊಬ್ಬ ಪೆದ್ದ ಅಂತ. ತಮಾಷೆ ಅಲ್ಲ, ಕಮಾಂಡಿನಲ್ಲಿ ಹಾಗೇ ಟೈಪ್ ಮಾಡಬಹುದು. ಇಷ್ಟು ಪ್ರಾಮಾಣಿಕ ಸಾಫ್ಟ್‌ವೇರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಬಿಗಿನ್ ನೇಮದಿಂದಲೇ ಮುಂದಿನ ಫಜೀತಿ ಆಯಿತು.

ಒಂದು ಮಧ್ಯಾಹ್ನ ಬಿಗಿನ್ ಕೊಟ್ಟೆ, ಎಣಿಸಿದೆ, ಅಪ್‌ಡೇಟ್ ಮಾಡಿದೆ, 'ಅಪ್‌ಡೇಟ್ 3' ಬಂತು. ಸರಿಯಾಗಿದೆ ಅನ್ನುವ ಖುಷಿಯಲ್ಲಿ ಗೆಳೆಯನ ಜತೆ ಕೆಳಗಿನ ದರ್ಶಿನಿಗೆ ದೋಸೆಗೆ ಹೋದೆ. ಕಮಿಟ್ ಕೊಟ್ಟಿರಲಿಲ್ಲ. ದೋಸೆ ಬರುವುದು ತಡವಾಯಿತು, ಕಾಫಿ ಇನ್ನೂ ತಡ. ವಾಪಸ್ ಬಂದರೆ ಇಡೀ ಫ್ಲೋರ್ ಎದ್ದು ನಿಂತಿದೆ. ವೆಬ್‌ಸೈಟ್ ಗರಬಡಿದ ಹಾಗೆ ನಿಂತಿದೆ. ನಾನು ವೀರನ ಹಾಗೆ ಕೂತು, ಯಾರು ಯಾರನ್ನು ತಡೆದಿದ್ದಾರೆ ಅಂತ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಅನ್ನುವ ಪಟ್ಟಿಯಲ್ಲಿ ಹುಡುಕಿದೆ. ಪಿಜಿ ಅಂದರೆ ಬೆಂಗಳೂರಿನಲ್ಲಿ ಬೇರೆ ಅರ್ಥ, ಇಲ್ಲಿ ಪೋಸ್ಟ್‌ಗ್ರೆಸ್. ಆದರೆ ಎರಡು ಕಡೆಯೂ ಯಾರೋ ಒಬ್ಬ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರೆ ಉಳಿದವರ ಪಾಡು ಒಂದೇ.

ಕಥೆ ಹೀಗಿತ್ತು. ನನ್ನ ಮುಗಿಯದ ವ್ಯವಹಾರ ಆ ಟೇಬಲ್ಲಿನ ಮೇಲೆ ಒಂದು ಸಣ್ಣ ಲಾಕ್ ಹಿಡಿದಿತ್ತು. ಅದರಿಂದ ಓದುವವರಿಗೆ ಏನೂ ತೊಂದರೆ ಇಲ್ಲ. ಆದರೆ ಅದೇ ಹೊತ್ತಿಗೆ ಇನ್ನೊಬ್ಬ ಹುಡುಗ ಆ ಟೇಬಲ್ಲಿಗೆ ಒಂದು ಕಾಲಂ ಸೇರಿಸಲು ಆಲ್ಟರ್ ಟೇಬಲ್ ಕೊಟ್ಟಿದ್ದ. ಅದಕ್ಕೆ ಟೇಬಲ್ ಪೂರ್ತಿ ಖಾಲಿ ಬೇಕು. ನಾನು ಬಿಡುವವರೆಗೆ ಅದು ಕಾಯಬೇಕು. ಅದರ ಹಿಂದೆ ಬಂದವರೆಲ್ಲ, ಬರೀ ಓದಲು ಬಂದವರೂ ಸಹ, ಅದರ ಬೆನ್ನಿಗೇ ಸಾಲು ನಿಂತರು. ಎಲ್ಲರೂ ಆ ಹುಡುಗನನ್ನು ಬೈಯುತ್ತಿದ್ದರು. ನಾನೂ ಎರಡು ಮಾತು ಬೈದೆ. ಆಮೇಲೆ ಪಟ್ಟಿಯ ತುದಿಗೆ ಹೋದರೆ, 'ಐಡಲ್ ಇನ್ ಟ್ರಾನ್ಸಾಕ್ಷನ್, 52 ನಿಮಿಷ', ಅಂದರೆ ವ್ಯವಹಾರ ಮುಗಿಸದೆ ಸುಮ್ಮನೆ ಕೂತಿದ್ದಾನೆ ಅಂತ, ಮುಂದೆ ನನ್ನದೇ ಹೆಸರು. ಸದ್ದಿಲ್ಲದೆ ಕಮಿಟ್ ಕೊಟ್ಟೆ. 'ಏನಾಗಿತ್ತು?' ಅಂತ ಮ್ಯಾನೇಜರ್ ಕೇಳಿದರು. 'ಲಾಕ್ ಸಮಸ್ಯೆ, ಈಗ ಸರಿ ಹೋಯ್ತು' ಅಂದೆ. ಅದರಲ್ಲಿ ಸುಳ್ಳೇನಿದೆ?

ಅವತ್ತೇ ಎರಡು ಬೇಲಿ ಹಾಕಿದೆ. ಐದು ನಿಮಿಷ ಸುಮ್ಮನೆ ಕೂತ ವ್ಯವಹಾರವನ್ನು ಡೇಟಾಬೇಸೇ ಕಿತ್ತು ಹಾಕಬೇಕು, ಅದಕ್ಕೊಂದು ಟೈಮ್‌ಔಟ್. ಆಲ್ಟರ್ ಮಾಡುವವರು ಲಾಕ್ ಟೈಮ್‌ಔಟ್ ಇಟ್ಟುಕೊಂಡೇ ಮಾಡಬೇಕು, ಸಿಗದಿದ್ದರೆ ಜಾಗ ಬಿಟ್ಟು ಆಮೇಲೆ ಬರಬೇಕು. ಮರುವಾರವೇ, ಕಷ್ಟದ ರಿಪೇರಿಯೊಂದರ ನಡುವೆ ಅಮ್ಮನ ಫೋನ್ ಬಂತು. ಮಾವಿನಕಾಯಿ ಉಪ್ಪಿನಕಾಯಿಯ ವಿಷಯ ಐದು ನಿಮಿಷಕ್ಕೆ ಮುಗಿಯುವಂಥದ್ದಲ್ಲ. ನನ್ನ ಬೇಲಿ ನನ್ನನ್ನೇ ಆಚೆ ಹಾಕಿತು.

ಎಲ್ಲ ತಪ್ಪೂ ನನ್ನದೇ ಅಂದುಕೊಳ್ಳಬೇಡಿ. ನನಗಿಂತ ಮೊದಲಿದ್ದವರೂ ಕೈಲಾದಷ್ಟು ಮಾಡಿ ಹೋಗಿದ್ದಾರೆ. ನಮ್ಮಲ್ಲೊಂದು ಹಳೇ ಒರಾಕಲ್ ಡೇಟಾಬೇಸ್ ಇತ್ತು. ಅದರಲ್ಲಿ ಹೆಸರಿಗೆ 20ರ ಜಾಗ. ಒರಾಕಲ್ ಲೆಕ್ಕದಲ್ಲಿ, ನಾವು ಬಿಡಿಸಿ ಹೇಳದಿದ್ದರೆ, 20 ಅಂದರೆ 20 ಅಕ್ಷರ ಅಲ್ಲ, 20 ಬೈಟ್, ಕಂಪ್ಯೂಟರಿನ ಜಾಗದ ಅಳತೆ. ಇಂಗ್ಲಿಷ್ ಹೆಸರಿಗೆ ಧಾರಾಳ. ಆದರೆ ಕಂಪ್ಯೂಟರ್ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಅದಕ್ಕೆ ಹತ್ತುವ ಒಂದೊಂದು ಕೊಂಬು, ಏತ್ವ, ಸೊನ್ನೆಗೂ ಬೇರೆ ಬೇರೆ 3 ಬೈಟ್ ಬೇಕು. 'ವೆಂಕಟೇಶಮೂರ್ತಿ'ಗೆ 39. ಹಾಕಲು ಹೋದರೆ ಎರರ್. ಡೇಟಾ ಎಂಟ್ರಿ ಹುಡುಗ ಒಂದೊಂದೇ ಅಕ್ಷರ ಅಳಿಸುತ್ತಾ ಹೋಗಿ, ಯಾವಾಗ ಒಳಗೆ ಹೋಯಿತೋ ಅಲ್ಲಿಗೆ ನಿಲ್ಲಿಸಿದ್ದ. ಹಾಗಾಗಿ ಬಿಲ್ಲಿನ ಮೇಲೆ 'ಶ್ರೀ ವೆಂಕಟೇ' ಅಂತ ಬರುತ್ತಿತ್ತು. ಹೊಲದ ಆ ಬದುವಿನಿಂದ ಯಾರೋ ಕೂಗಿದ ಹಾಗೆ. ಕಾಲಂ ಮಾಡುವಾಗ 20ರ ಮುಂದೆ 'ಕ್ಯಾರ್', ಅಂದರೆ ಅಕ್ಷರ, ಅಂತ ಒಂದು ಪದ ಸೇರಿಸಿದ್ದರೆ ಆಗುತ್ತಿತ್ತು.

ಇನ್ನು ಡಿಸ್ಕ್ ತುಂಬುವ ವಿಷಯ. ಅದು ತುಂಬುವುದೇ ಯಾರದ್ದಾದರೂ ಮದುವೆಯ ದಿನ. ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮುಹೂರ್ತ ನಡೆಯುತ್ತಿತ್ತು, ಕೈಯಲ್ಲಿ ಅಕ್ಷತೆ ಇತ್ತು, ಫೋನ್ ಬಂತು. ಛತ್ರದಲ್ಲಿ ಸದ್ದಿಲ್ಲದ ಜಾಗ ಅಂದರೆ ಉಗ್ರಾಣ ಒಂದೇ. ತೆಂಗಿನಕಾಯಿ ರಾಶಿಗೆ ಒರಗಿ ಲ್ಯಾಪ್‌ಟಾಪ್ ತೆರೆದೆ. ಡಿಸ್ಕ್ ನೂರಕ್ಕೆ ನೂರು, ಡೇಟಾಬೇಸ್ ಬಿದ್ದುಹೋಗಿದೆ. ಬೆಲ್ಲ ತೆಗೆದುಕೊಳ್ಳಲು ಬಂದ ಚಿಕ್ಕಪ್ಪ 'ಏನೋ ಅದು?' ಅಂದರು. 'ಡಿಸ್ಕ್ ತುಂಬಿದೆ ಚಿಕ್ಕಪ್ಪ.' 'ಶುಭಕಾರ್ಯದ ದಿನ ತುಂಬಿದ್ರೆ ಒಳ್ಳೇದೇ ಅಲ್ವೇನೋ' ಅಂತ ಹೇಳಿ ಹೋದರು.

ತುಂಬಿಸಿದ್ದು ಅದೇ ಖಿರ್ದಿ. ಒಂದೊಂದೂ 16 ಎಂಬಿ ಇರುವ ಫೈಲುಗಳು, ಸಾವಿರಾರು. ಇಲ್ಲಿ ಎಲ್ಲರಿಗೂ ಒಂದು ಆಸೆ ಬರುತ್ತದೆ: ಹಳೇವನ್ನು ಅಳಿಸಿಬಿಡೋಣ. ಬೇಡ. ಅಳಿಸಿದರೆ ಡೇಟಾಬೇಸ್ ಮತ್ತೆ ಏಳುವುದೇ ಅನುಮಾನ. ಈ ಫೋಲ್ಡರಿಗೆ ಮೊದಲು ಪಿಜಿ ಎಕ್ಸ್‌ಲಾಗ್ ಅಂತ ಹೆಸರಿತ್ತು. ಲಾಗ್ ಅಂತ ನೋಡಿದ ಜನ ಕಸ ಅಂದುಕೊಂಡು ಗುಡಿಸಿ ಹಾಕುತ್ತಿದ್ದರು. ತಡೆಯಲಾರದೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಪಿಜಿ ವಾಲ್ ಅಂತ ಬದಲಿಸಿದರು. ಜನರನ್ನು ತಿದ್ದುವುದಕ್ಕಿಂತ ಫೋಲ್ಡರಿನ ಹೆಸರು ತಿದ್ದುವುದು ಸುಲಭ ಅನ್ನಿಸಿರಬೇಕು.

ಖಿರ್ದಿ ಯಾಕೆ ಬೆಳೆಯಿತು? ಪಕ್ಕದ ಮನೆಯವರು 'ನಮ್ಮ ಪೇಪರ್ ಎತ್ತಿಟ್ಟಿರಿ, ಬಂದು ತಗೋತೀವಿ' ಅಂತ ಹೇಳಿ ಊರಿಗೆ ಹೋಗುತ್ತಾರಲ್ಲ, ಹಾಗೆ ಒಂದು ನಕಲು ಸರ್ವರ್ ಈ ಸರ್ವರಿಗೆ ಹೇಳಿರುತ್ತದೆ. ಅದಕ್ಕೆ ರೆಪ್ಲಿಕೇಶನ್ ಸ್ಲಾಟ್ ಅಂತ ಹೆಸರು. ನಮ್ಮವರು ಆ ನಕಲು ಸರ್ವರನ್ನು ಹಿಂದಿನ ತಿಂಗಳೇ ಕಿತ್ತು ಹಾಕಿದ್ದರು, ಸ್ಲಾಟ್ ತೆಗೆಯಲು ಮರೆತಿದ್ದರು. ಮನೆಯನ್ನೇ ಖಾಲಿ ಮಾಡಿಕೊಂಡು ಹೋದವರ ಪೇಪರನ್ನು ಇದು ಹಾಲ್, ರೂಮು, ಅಟ್ಟ ಎಲ್ಲ ಕಡೆ ಜೋಡಿಸಿಟ್ಟುಕೊಂಡು ಕಾಯುತ್ತಿತ್ತು. ಸ್ಲಾಟ್ ತೆಗೆದರೆ ಮುಗಿಯಿತು. ಆದರೆ ತೆಗೆಯಲು ಡೇಟಾಬೇಸ್ ಏಳಬೇಕು, ಏಳಲು ಚೂರು ಜಾಗ ಬೇಕು.

ಅದಕ್ಕೆ ನನ್ನ ಹತ್ತಿರ ಅಮ್ಮನಿಂದ ಕಲಿತ ಉಪಾಯ ಇತ್ತು. ಅಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಅಡಗಿಸಿಡುತ್ತಾಳೆ. ನಾನು ಪ್ರತಿ ಸರ್ವರಿನಲ್ಲೂ 2 ಜಿಬಿ ಜಾಗ ಹಿಡಿಯುವ, ಬೇರೇನಕ್ಕೂ ಬೇಡದ ಒಂದು ಫೈಲ್ ಅಡಗಿಸಿಡುತ್ತೇನೆ, ಹೆಸರು 'ಸಾಸಿವೆ'. ಕಷ್ಟ ಬಂದಾಗ ಅದನ್ನು ಅಳಿಸಿದರೆ ಉಸಿರಾಡುವಷ್ಟು ಜಾಗ. ಅವತ್ತು ಹುಡುಕಿದರೆ ಸಾಸಿವೆ ಇಲ್ಲ. ಹೊಸದಾಗಿ ಸೇರಿದ ಹುಡುಗ 'ಎರಡು ವಾರದ ಹಿಂದೆ ಯಾವುದೋ ಬೇಡದ ಫೈಲ್ ಇತ್ತು ಸಾರ್, ಕ್ಲೀನ್ ಮಾಡ್ದೆ' ಅಂದ. ಕೊನೆಗೆ ಕ್ಲೌಡಿನವರಿಂದ ಡಿಸ್ಕ್ ದೊಡ್ಡದು ಮಾಡಿಸಿ, ಡೇಟಾಬೇಸ್ ಎಬ್ಬಿಸಿ, ಸ್ಲಾಟ್ ತೆಗೆದು, ಹಳೇ ಖಿರ್ದಿ ತೆರವಾಗಲಿ ಅಂತ ಚೆಕ್‌ಪಾಯಿಂಟ್ ಕೊಟ್ಟು ಏಳುವಷ್ಟರಲ್ಲಿ ಮೂರನೇ ಪಂಕ್ತಿ ಮುಗಿದಿತ್ತು. ಹೋಳಿಗೆ ಖಾಲಿ. ಈಗ ಸ್ಲಾಟ್ ಎಷ್ಟು ಹಿಡಿದಿಡಬಹುದು ಅಂತ ಮಿತಿ ಹಾಕಿದ್ದೇನೆ, 13ನೇ ಆವೃತ್ತಿಯಿಂದ ಆ ಸೌಲಭ್ಯ ಇದೆ. ಫೈಲಿನ ಹೆಸರನ್ನೂ 'ಮುಟ್ಟಬೇಡಿ ಸಾಸಿವೆ' ಅಂತ ಬದಲಿಸಿದ್ದೇನೆ.

ಬ್ಯಾಕಪ್ಪಿನ ವಿಷಯ ಹೇಳಲು ನಾಚಿಕೆ, ಅದಕ್ಕೇ ಬೇಗ ಹೇಳಿಬಿಡುತ್ತೇನೆ. ನಮ್ಮ ಒಂದು ಸಣ್ಣ ಡೇಟಾಬೇಸಿನಿಂದ ದಿನಾ ಬೆಳಗ್ಗೆ 'ಬ್ಯಾಕಪ್ ಯಶಸ್ವಿ' ಅಂತ ಮೇಲ್ ಬರುತ್ತಿತ್ತು. ನಾಲ್ಕು ತಿಂಗಳು ಬಂತು. ಒಂದು ದಿನ ಬೇಕಾಗಿ ತೆರೆದರೆ ಪ್ರತಿ ಫೈಲೂ ಸರಿಯಾಗಿ 20 ಬೈಟ್. ಯಾರೋ ಪಾಸ್‌ವರ್ಡ್ ಬದಲಿಸಿದ್ದರು. ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಒಳಗೇ ಹೋಗಲಾಗದೆ ವಾಪಸ್ ಬರುತ್ತಿತ್ತು. ಅದರ ಮುಂದಿನ, ಫೈಲು ಕುಗ್ಗಿಸುವ ಜಿಜಿಪ್ ಮಾತ್ರ ಬಂದ ಶೂನ್ಯವನ್ನೇ ಚೆನ್ನಾಗಿ ಮಡಚಿ, ಕಟ್ಟಿ, ಯಶಸ್ವಿ ಅಂತ ಹೇಳುತ್ತಿತ್ತು. ಶೂನ್ಯವನ್ನು ಮಡಚಿದರೆ 20 ಬೈಟ್ ಆಗುತ್ತದೆ, ಇದು ನನಗೆ ಈಗ ಬಾಯಿಪಾಠ. ಸ್ಕ್ರಿಪ್ಟಿನಲ್ಲಿ 'ಪೈಪ್‌ಫೇಲ್', ಅಂದರೆ ನಡುವೆ ಯಾರು ಸೋತರೂ ಸೋತೆವು ಅಂತಲೇ ಹೇಳು, ಅಂತ ಒಂದು ಸಾಲು ಹಾಕಿದ್ದರೆ ಸಿಕ್ಕಿಬೀಳುತ್ತಿತ್ತು. 2017ರ ಜನವರಿ 31ರಂದು ಊರವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನಂಥ ಗಿಟ್‌ಲ್ಯಾಬ್‌ನಲ್ಲೇ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಅಳಿಸಿದಾಗ, ಅವರ ಪಿಜಿ ಡಂಪ್ ಕೂಡ ಕೆಲಸ ಮಾಡುತ್ತಿರಲಿಲ್ಲ ಅಂತ ಗೊತ್ತಾಯಿತಂತೆ. ಆರು ಗಂಟೆ ಹಳೆಯ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಅವರು ಆ ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ನಾನು ಅಷ್ಟು ಧೈರ್ಯಸ್ಥ ಅಲ್ಲ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಬೇರೆ ಮೆಷಿನ್ನಿಗೆ ಇಳಿಸಿ, ಸಾಲು ಎಣಿಸಿ ನೋಡುತ್ತೇನೆ, ಅಷ್ಟೇ.

ಮೊನ್ನೆ ಒಂದು ಟಿಕೆಟ್, ಅಂದರೆ ಗ್ರಾಹಕರ ಕೋರಿಕೆ, ಬಂತು. ಅದೇ ಮೇಷ್ಟ್ರು. ರಿಟೈರ್ ಆಗಿ ಮಂಡ್ಯಕ್ಕೆ ವಾಪಸ್ ಹೋಗಿದ್ದಾರೆ, ಊರು ಬದಲಿಸಬೇಕು. ವಿಳಾಸದ ಪುಟ ಮತ್ತೆ ಕೆಟ್ಟಿದೆ. ಫೋನ್ ಸೈಲೆಂಟಿಗೆ ಹಾಕಿದೆ. ಬಿಗಿನ್ ಕೊಟ್ಟೆ. ಸೆಲೆಕ್ಟ್ ಮಾಡಿದೆ, ಒಂದೇ ಸಾಲು, ಚಿಂತಾಮಣಿ. ಅಪ್‌ಡೇಟ್ ಬರೆದು ಮೂರೂ ಸಾಲಿಗೆ ಬಣ್ಣ ಬಳಿದೆ. 'ಅಪ್‌ಡೇಟ್ 1'. ಹೊಸ ಹುಡುಗನನ್ನು ಕರೆದು, ಇದು ಒಂದೇ ತಾನೆ ಅಂತ ಅವನ ಕೈಲೂ ಓದಿಸಿದೆ. ಕಮಿಟ್. ಇಬ್ಬರೂ ಕೆಳಗೆ ಹೋಗಿ ದೋಸೆ ತಿಂದು ಬಂದೆವು. ಏನೂ ಆಗಿರಲಿಲ್ಲ.

ಮೂರು ದಿನದ ಮೇಲೆ ಕಸ್ಟಮರ್ ಕೇರಿನಿಂದ ಫೋನ್. 'ಸಾರ್, ಮೇಷ್ಟ್ರ ಪಾರ್ಸೆಲ್ ಇನ್ನೂ ಚಿಂತಾಮಣಿಗೇ ಹೋಗಿದೆಯಂತೆ.' ಸಾಧ್ಯವೇ ಇಲ್ಲ ಅಂತ ತೆರೆದು ನೋಡಿದೆ. ಮೇಷ್ಟ್ರು ಮಂಡ್ಯದಲ್ಲೇ ಇದ್ದರು, ಸೊಗಸಾಗಿ. ಕಿಟಕಿಯ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಟೆಸ್ಟ್ ಸರ್ವರ್.