ಡಾಕ್ಟ್ರಿಗೆ ಹುಷಾರಿಲ್ಲವಂತೆ!

ಮೊದಲೆಲ್ಲ ಡಾಕ್ಟ್ರು ನಮ್ಮನ್ನು "ಹೇಗಿದ್ದೀರಿ?" ಅಂತ ಕೇಳುತ್ತಿದ್ದರು. ಈಗ ನಾವೇ ಮೊದಲು ಕೇಳುತ್ತೇವೆ. ಮರ್ಯಾದೆಗಲ್ಲ, ಭಯಕ್ಕೆ.

ಅವರಿಗೆ 73. ಸುತ್ತಮುತ್ತ ಇರುವ ಡಾಕ್ಟ್ರು ಅವರೊಬ್ಬರೇ. ಕುರ್ಚಿಯಿಂದ ಏಳುವಾಗ ಮಂಡಿ ಹಿಡಿದುಕೊಳ್ಳುತ್ತಾರೆ, ಮಂಡಿನೋವಿಗೆ ಬಂದ ರೋಗಿಯೇ ಕೈ ಕೊಟ್ಟು ಎಬ್ಬಿಸುತ್ತಾನೆ. ಚೀಟಿಯಲ್ಲಿ ಬರೆದಿದ್ದನ್ನು ಓದಲು ಅವರಿಗೇ ಕನ್ನಡಕ ಬೇಕು. ಅದು ತಲೆಯ ಮೇಲೇ ಇದೆ ಅಂತ ನೆನಪಿಸುವುದು ನಮ್ಮ ಕೆಲಸ.

ಡಾಕ್ಟರಿಗೂ ವಯಸ್ಸಾಗುತ್ತದೆ ಅನ್ನುವುದು ಮೊನ್ನೆ ಪತ್ತೆಯಾದ ಕಾಯಿಲೆಯೇನಲ್ಲ. ವರ್ಷಕ್ಕೆ ಸರಿಯಾಗಿ ಒಂದೇ ವರ್ಷ ಏರುತ್ತದೆ. ಆದರೂ ಯೋಜನೆ ಮಾಡುವವರಿಗೆ ಪ್ರತಿ ಸಲವೂ ಆಶ್ಚರ್ಯ! ಕಾಲೇಜು ಸೇರಿದ ದಿನದಿಂದ ಲೆಕ್ಕ ಹಾಕಿದರೆ ಒಬ್ಬ ಕುಟುಂಬ ವೈದ್ಯ ತಯಾರಾಗಲು ಹೆಚ್ಚುಕಡಿಮೆ 10 ವರ್ಷ ಬೇಕು. ಅಷ್ಟು ಕಾಯುವ ಬದಲು ಇರುವವರನ್ನೇ ಎಳೆದರಾಯಿತು, ಅಲ್ವಾ?

ಜರ್ಮನಿಯಲ್ಲಿ 68 ತುಂಬಿದ ಡಾಕ್ಟ್ರು ಸಾರ್ವಜನಿಕ ವಿಮೆಯ ರೋಗಿಗಳನ್ನು ನೋಡುವಂತಿಲ್ಲ ಅನ್ನುವ ನಿಯಮವಿತ್ತು. ವೈದ್ಯರು ಸಾಲದಾದರು, ನಿಯಮವೇ ಹೋಯಿತು. ಇಟಲಿಯಲ್ಲಿ 70ಕ್ಕೆ ನಿವೃತ್ತಿ ಇತ್ತು. 2023ರಲ್ಲಿ ಕುಟುಂಬ ವೈದ್ಯರಿಗೆ, ಇಷ್ಟವಿದ್ದರೆ 72ರ ತನಕ ಇರಿ ಅಂದರು. ಜ್ವರ ಇಳಿಯದಿದ್ದರೆ ಥರ್ಮಾಮೀಟರಿನ ಗೆರೆಯನ್ನೇ ಮೇಲಕ್ಕೆ ಸರಿಸುವುದು ಅಂದರೆ ಇದೇ.

ಹೊಸಬರು ಇಲ್ಲವೇ ಇಲ್ಲ ಅಂತಲ್ಲ. ನಗರದಲ್ಲಿ ಹೃದಯಕ್ಕೊಬ್ಬರು, ಚರ್ಮಕ್ಕೊಬ್ಬರು, ಕಿವಿಗೊಬ್ಬರು ಸಿಗುತ್ತಾರೆ. ಇಡೀ ಮನುಷ್ಯನನ್ನು ನೋಡುವವರೇ ಇಲ್ಲ. ವೇಲ್ಸಿನ ಗಣಿ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಒಂದು ನಿಯಮ ಬರೆದಿದ್ದರು: ಒಳ್ಳೆಯ ವೈದ್ಯಸೇವೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ. ಇದನ್ನು ಯಾವ ಸರ್ಕಾರವೂ ಕಾನೂನು ಮಾಡಲಿಲ್ಲ. ಆದರೂ ಇಷ್ಟು ಚಾಚೂ ತಪ್ಪದೆ ಪಾಲನೆಯಾಗುವ ನಿಯಮ ಇನ್ನೊಂದನ್ನು ನಾನು ನೋಡಿಲ್ಲ.

ನಾರ್ವೆಯವರು ಲೆಕ್ಕ ಹಾಕಿದ್ದಾರೆ. 15 ವರ್ಷಕ್ಕಿಂತ ಜಾಸ್ತಿ ಒಬ್ಬರೇ ಡಾಕ್ಟರನ್ನು ನಂಬಿಕೊಂಡವರಿಗೆ, ಒಂದೇ ವರ್ಷದ ಪರಿಚಯದವರಿಗಿಂತ ಸಾವಿನ ಸಾಧ್ಯತೆ ಶೇ 25ರಷ್ಟು ಕಡಿಮೆಯಂತೆ. ನನ್ನ ಪಕ್ಕ ಕೂತ ತಾಯಿಯ ಮಡಿಲಲ್ಲಿ ಮೂರು ತಿಂಗಳ ಕೂಸಿತ್ತು. ಅದಕ್ಕೆ ಈ ಲಾಭ ಸಿಗಬೇಕಾದರೆ ನಮ್ಮ ಡಾಕ್ಟ್ರು 88ರ ತನಕ ಕೂರಬೇಕು. ಕೂಸು ಡಾಕ್ಟ್ರ ಬಾಗಿಲನ್ನೇ ನೋಡುತ್ತಿತ್ತು. ಅದಕ್ಕೂ ಲೆಕ್ಕ ಬರುತ್ತೋ ಏನೋ.

ಅಷ್ಟರಲ್ಲಿ ಒಳಗೆ ಡಾಕ್ಟ್ರು ಕೆಮ್ಮಿದರು. ಒಂದು ಸಲ. ಇನ್ನೊಂದು ಸಲ.

ಹೊರಗೆ ಸಾಲಿನಲ್ಲಿ ಕೂತಿದ್ದ ಹನ್ನೊಂದು ಜನರ ಕೆಮ್ಮು ಒಟ್ಟಿಗೇ ನಿಂತುಹೋಯಿತು.