ಅರ್ಜಿ ನಿದ್ದೆ ಹೋಗಿದೆ, ಗದ್ದಲ ಮಾಡಬೇಡಿ

ದೆಹಲಿಯವರು, ಅಂದರೆ ಕೇಂದ್ರ ಸರ್ಕಾರದವರು, ಮಾಡಿದ ಒಂದು ಒಳ್ಳೆಯ ಕೆಲಸವನ್ನು ಯಾರೂ ಸರಿಯಾಗಿ ಹೊಗಳಲಿಲ್ಲ. ನಾನೇ ಹೊಗಳುತ್ತೇನೆ. ಅಂಗವಿಕಲರಿಗೆ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು ಅಂತ ಮೊದಲು ನಿಯಮ ಇತ್ತು. ಅದು ಹೇಗೆ ನಡೆಯುತ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ ಆ ಸಮಸ್ಯೆಯನ್ನು ಬಗೆಹರಿಸಿದರು. ಹೆಚ್ಚು ಡಾಕ್ಟರ್‌ಗಳನ್ನು ಹಾಕಿದರು ಅಂದುಕೊಂಡಿರಾ? ಇಲ್ಲಪ್ಪ. ಒಂದು ತಿಂಗಳು ಅಂತ ಇದ್ದದ್ದನ್ನು ಮೂರು ತಿಂಗಳು ಅಂತ ಮಾಡಿದರು.

ಎಷ್ಟು ಸುಲಭ ನೋಡಿ. ಇನ್ನು ಎರಡೂವರೆ ತಿಂಗಳಾದರೂ ತಡ ಅನ್ನುವ ಹಾಗಿಲ್ಲ. ನಾವೂ ಮನೆಯಲ್ಲಿ ಇಂಥದ್ದೊಂದು ಗೆಜೆಟ್ ಹೊರಡಿಸಬಹುದು. ಕರೆಂಟ್ ಬಿಲ್ ಕಟ್ಟಲು ಇನ್ನು ಮುಂದೆ ಮೂರು ತಿಂಗಳ ಗಡುವು. ಫ್ಯೂಸ್ ಕೀಳಲು ಬಂದ ಲೈನ್‌ಮನ್‌ಗೆ ಗೆಜೆಟ್ ತೋರಿಸಿ, ಚಹಾ ಕುಡಿಸಿ ಕಳಿಸುವುದು.

ಆದರೆ ನನಗೆ ಬಹಳ ಇಷ್ಟವಾದದ್ದು ಎರಡು ವರ್ಷದ ಕಲಮು. ಅರ್ಜಿ ಹಾಕಿ ಎರಡು ವರ್ಷ ದಾಟಿದರೂ ವೈದ್ಯಕೀಯ ಅಧಿಕಾರಿಗಳು ಹೌದು ಅಥವಾ ಅಲ್ಲ ಅನ್ನದಿದ್ದರೆ ಆ ಅರ್ಜಿ ನಿಷ್ಕ್ರಿಯವಾಗುತ್ತದೆ. ಮಲಗಿಬಿಡುತ್ತದೆ. ಆಮೇಲೆ ಅರ್ಜಿದಾರ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಆಸ್ಪತ್ರೆಯವರ ಹತ್ತಿರ ಹೋಗಿ ಹಳೆಯದನ್ನು ಎಬ್ಬಿಸಿಕೊಳ್ಳಬೇಕು. ಕೆಲಸ ಮಾಡದೆ ಕೂತವರು ಅವರು, ಮತ್ತೆ ಸರತಿಯಲ್ಲಿ ನಿಲ್ಲಬೇಕಾದವನು ಇವನು. ಇನ್ನೊಂದು ತಮಾಷೆ ಇದೆ. ಅರ್ಜಿಗೆ ಹಚ್ಚುವ ಫೋಟೊ ಆರು ತಿಂಗಳಿಗಿಂತ ಹಳೆಯದಿರಬಾರದು. ಅರ್ಜಿ ಮಾತ್ರ ಎರಡು ವರ್ಷ ಹಳಸಬಹುದು.

ಇದೆಲ್ಲ ಬಿಗಿ ಮಾಡಿದ್ದು ಕಳ್ಳರನ್ನು ಹಿಡಿಯೋಕೆ ಅನ್ನುವವರೂ ಇದ್ದಾರೆ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಅಂಗವೈಕಲ್ಯ ಪ್ರಮಾಣಪತ್ರ ಸುಳ್ಳು ಅನ್ನುವ ಗಲಾಟೆ ಅದೇ ವರ್ಷ ಎದ್ದಿತ್ತು, ಟಿವಿಯವರು ವಾರಗಟ್ಟಲೆ ಕೂಗಿದ್ದರು. ಅಲ್ಲಿನ ಆರೋಪಕ್ಕೆ ಇಲ್ಲಿ ರಾಯಬಾಗದ ಕಬ್ಬು ಕಡಿಯುವವನು ಬಂದು ತನ್ನ ಕಾಲು ನಿಜವಾಗಿಯೂ ಇಲ್ಲ ಅಂತ ರುಜುವಾತು ಮಾಡಬೇಕು.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಬಣ್ಣವನ್ನೂ ಕೊಟ್ಟಿದ್ದಾರೆ. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ. 40ರಿಂದ 80ರ ಒಳಗಿದ್ದರೆ ಹಳದಿ. 80 ಮುಟ್ಟಿದರೆ ನೀಲಿ. ಬೆಳಗಾವಿಯಲ್ಲಿ ಬಣ್ಣದ ಮಾತು ಸುಮ್ನೆ ಎತ್ತಬಾರದು ಅಂತ ದೆಹಲಿಯವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಇಲ್ಲಿ ನವೆಂಬರ್ 1 ಬಂದರೆ ಊರಿಗೆ ಊರೇ ಹಳದಿ ಕೆಂಪು. ಚೆನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ದಿನ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಅನ್ನುವ ಇನ್ನೊಂದು ಗುಂಪು ಕಪ್ಪು ಪಟ್ಟಿ ಕಟ್ಟಿಕೊಂಡು ಹೊರಡುತ್ತದೆ. ಯಾವ ಕಂಬಕ್ಕೆ ಯಾವ ಬಾವುಟ ಅಂತ ಪೊಲೀಸರು ರಾತ್ರಿಯೆಲ್ಲ ಕಾಯುತ್ತಾರೆ. ಇಂಥ ಊರಲ್ಲಿ ಹಳದಿ ಕಾರ್ಡ್ ಸಿಕ್ಕವನು ಕನ್ನಡ ಪರ ಹೋರಾಟಗಾರರ ಕೋಟಾದಲ್ಲಿ ಬಂದನೋ ಅಂತ ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ನೀಲಿಯ ಬಗ್ಗೆ ಸದ್ಯಕ್ಕೆ ಯಾರ ತಕರಾರೂ ಇಲ್ಲ. ನೀಲಿ ಸಿಗುವುದೇ ಕಷ್ಟ.

ದೆಹಲಿಯವರು 80ಕ್ಕೆ ಗೆರೆ ಎಳೆದರೆ, ಮಾಸಾಶನ ಕೊಡುವ ನಮ್ಮ ರಾಜ್ಯದವರು ಎಳೆದದ್ದು 75ಕ್ಕೆ. ಶೇಕಡಾ 40ರಿಂದ 74 ಇದ್ದವನಿಗೆ ತಿಂಗಳಿಗೆ 800 ರೂಪಾಯಿ. 75 ಮೇಲ್ಪಟ್ಟವನಿಗೆ 1,400. ಅಂದರೆ 74ಕ್ಕೂ 75ಕ್ಕೂ ನಡುವಿನ ಆ ಒಂದು ಶೇಕಡಾದ ಬೆಲೆ ತಿಂಗಳಿಗೆ 600 ರೂಪಾಯಿ. ಶೇಕಡಾ 77 ಇದ್ದವನು ಬೆಂಗಳೂರಿಗೆ ತೀವ್ರ, ದೆಹಲಿಗೆ ಬರೀ ಹಳದಿ. ಈ ಶೇಕಡಾ ಬರೆಯುವ ಡಾಕ್ಟರ್‌ಗಳ ಬೋರ್ಡ್ ಕೂರುವ ದಿನ ಹೊರಗೆ ಬೆಂಚಿನ ಮೇಲೆ ಕೂತವರ ಮಾತು ಕೇಳಿಸಿಕೊಳ್ಳಿ. ‘ನಿಮಗೆಷ್ಟು ಬರದ್ರರೀ?’ ‘ಎಪ್ಪತ್ತೆರಡ್ರೀ.’ ‘ಅಯ್ಯ, ಇನ್ನೊಂದ್ ಮೂರು ಹಾಕಿದ್ರ ಅವರ ಗಂಟೇನ್ ಹೋಗತಿತ್ತರೀ?’ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮನೆಯ ಮಾತಿನ ಹಾಗೇ ಇರುತ್ತದೆ. ಮರು ಮೌಲ್ಯಮಾಪನಕ್ಕೆ ಹಾಕೋಣವೇ ಅಂತಲೂ ಕೇಳುತ್ತಾರೆ.

ಬೋರ್ಡ್ ಇರುವ ಆಸ್ಪತ್ರೆಗೆ ಹೋಗುವುದೇ ಒಂದು ದೊಡ್ಡ ಕಥೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಕೆಲವು ತಪಾಸಣೆಗೆ ಜಿಲ್ಲಾ ಆಸ್ಪತ್ರೆಯೇ ಗತಿ. ಅಥಣಿಯಿಂದ ಬೆಳಗಾವಿ ಸುಮಾರು 140 ಕಿಲೋಮೀಟರ್. ವಿಜಯಪುರ ಅದರ ಅರ್ಧ ದೂರದಲ್ಲಿದೆ, ಆದರೆ ಅದು ಬೇರೆ ಜಿಲ್ಲೆ. ಚಿಕ್ಕೋಡಿ, ಗೋಕಾಕ ಜಿಲ್ಲೆ ಆಗುತ್ತವೆ ಅಂತ 1997ರಲ್ಲೇ ಘೋಷಣೆಯಾಗಿ ವಾಪಸ್ ಹೋಯಿತು. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಜಿಲ್ಲೆ ಮಾತ್ರ ಇನ್ನೂ ಹುಟ್ಟಿಲ್ಲ.

ಬಸ್ಸಿಗೆ ರಿಯಾಯಿತಿ ಪಾಸ್ ಇದೆಯಲ್ಲ ಅಂತೀರಿ. ಇದೆ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ನೂರು! ಅಥಣಿಯವನ ಪಾಸ್ ದಾರಿಯಲ್ಲೇ ಸುಸ್ತಾಗಿ ಕೂತುಬಿಡುತ್ತದೆ, ಉಳಿದ ದಾರಿಗೆ ಟಿಕೆಟ್. ಮೊದಲಿಗೆ ಆ ಪಾಸ್ ಬೇಕಾದರೂ ಯುಡಿಐಡಿ ಕಾರ್ಡ್ ಬೇಕು, ಕಾರ್ಡ್ ಬೇಕಾದರೆ ಬಸ್ ಹತ್ತಬೇಕು. ಜೊತೆಗೆ ಬಂದ ಹೆಂಡತಿಗೆ 2023ರ ಜೂನ್‌ನಿಂದ ಬಸ್ ಫ್ರೀ. ಒಳ್ಳೆಯದೇ, ಅದನ್ನು ಯಾರೂ ಕಸಿಯುವುದು ಬೇಡ. ಆದರೆ ಆಕೆ ಹೆಗಲು ಕೊಟ್ಟು ಹತ್ತಿಸಿದ ಗಂಡನಿಗೆ ಕಂಡಕ್ಟರ್ ಪೂರ್ತಿ ಟಿಕೆಟ್ ಹರಿಯುತ್ತಾನೆ. ಅಷ್ಟು ದೂರ ಬಂದ ಮೇಲೆ ಕಿಟಕಿಯಿಂದ ಉತ್ತರ ಬರುತ್ತದೆ. ‘ಕಿವಿ ಡಾಕ್ಟ್ರು ಇವತ್ತ ರಜಾ ಅದಾರ ನೋಡ್ರಿ. ಮುಂದಿನ ವಾರ ಬರ್ರಿ.’

ಚಳಿಗಾಲದಲ್ಲಿ ಹತ್ತು ದಿನ ಬೆಂಗಳೂರೇ ಸುವರ್ಣ ವಿಧಾನಸೌಧಕ್ಕೆ ಇಳಿಯುತ್ತದಲ್ಲ, ಆಗ ಈ ಅಂಗವಿಕಲರೂ ಕೊಂಡಸಕೊಪ್ಪದ ಪ್ರತಿಭಟನೆಯ ಟೆಂಟಿನಲ್ಲಿ ಕೂರುತ್ತಾರೆ. ಮಂತ್ರಿಗಳು ಬರುತ್ತಾರೆ, ಮನವಿ ಪತ್ರ ಇಸಿದುಕೊಳ್ಳುತ್ತಾರೆ, ಫೋಟೊ ಆಗುತ್ತದೆ. ಆ ಫೋಟೊಗೆ ಆರು ತಿಂಗಳ ಷರತ್ತು ಇಲ್ಲ, ಮುಂದಿನ ಚುನಾವಣೆಗೂ ನಡೆಯುತ್ತದೆ.

ಸಾಕು. ನಗೋಕೂ ಬೇಜಾರು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಯಿತು. ಅದು ನಿಜಕ್ಕೂ ದೊಡ್ಡ ಕೆಲಸ. ಥಲಸ್ಸೇಮಿಯಾ ಇರುವ ಮಗು, ಆಸಿಡ್ ದಾಳಿಗೆ ಸಿಕ್ಕ ಹುಡುಗಿ, ಎಲ್ಲರೂ ಲೆಕ್ಕಕ್ಕೆ ಬಂದರು. ಲೆಕ್ಕಕ್ಕೆ ಬಂದವರು ಮೂರು ಪಟ್ಟು, ಹಾಗಾಗಿ ಕಾಯುವ ಗಡುವೂ ಮೂರು ಪಟ್ಟು ಅಂತ ಯಾರೋ ಗಣಿತ ಮಾಡಿರಬೇಕು. ಅವರನ್ನು ನೋಡಬೇಕಾದ ಡಾಕ್ಟರ್‌ಗಳನ್ನೂ ಮೂರು ಪಟ್ಟು ಮಾಡಬೇಕು ಅಂತ ಆ ಗಣಿತಜ್ಞನಿಗೆ ಹೊಳೆಯಲಿಲ್ಲ.

ನಮ್ಮದೇ ರಾಜ್ಯ 2011ರಲ್ಲಿ ಸಕಾಲ ಕಾಯ್ದೆ ತಂದಿತ್ತು. ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಅಂತ ಬೋರ್ಡ್ ಬರೆಸಿದ್ದರು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರನಿಗೆ ಕೊಡಬೇಕು ಅಂತ ಅದರಲ್ಲಿದೆ. ಚಿಲ್ಲರೆ ಹಣ, ನಿಜ. ಆದರೂ ತಪ್ಪು ಯಾರದು ಅಂತ ಆ ಕಾಯ್ದೆಗೆ ಗೊತ್ತಿತ್ತು. ಈಗಿನ ನಿಯಮದಲ್ಲಿ ಎರಡು ವರ್ಷ ತೂಕಡಿಸಿದ ಆಫೀಸಿಗೆ ಏನೂ ಆಗುವುದಿಲ್ಲ. ಅರ್ಜಿ ಹಾಕಿದವನು ಮತ್ತೆ ಒಂದನೇ ನಂಬರ್ ಕಿಟಕಿಗೆ ಹೋಗಿ, ಹೊಸ ಫೋಟೊ, ಹೊಸ ಝೆರಾಕ್ಸ್ ಕೊಟ್ಟು ಶುರು ಮಾಡಬೇಕು. ಇಂಥದ್ದನ್ನು ಬರೆದವರು ಒಂದು ದಿನವಾದರೂ ಆ ಕಿಟಕಿಯ ಮುಂದೆ ಊರುಗೋಲು ಹಿಡಿದು ನಿಂತಿದ್ದರೇ?