38 ಜಿಬಿ ಬಿಕ್ಕಳಿಕೆ

ಅಕ್ಕನ ಮಗಳು ವಯಲಿನ್ ಕಲಿಯುತ್ತಿದ್ದಾಳೆ. ಅವಳ ಕ್ಲಾಸಿನಲ್ಲಿ ಇನ್ನೊಂದು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲ, ಇನ್ನೂ ದೊಡ್ಡ, ದಪ್ಪ ದನಿಯ ಒಂದು ಚೆಲ್ಲೋ ಇವೆ. ರಾಜ್ಯೋತ್ಸವಕ್ಕೆ ನಾಲ್ಕೂ ಮಕ್ಕಳು ಅಪಾರ್ಟ್‌ಮೆಂಟಿನಲ್ಲಿ ಏನಾದರೂ ನುಡಿಸುವುದು ಅಂತಾಯಿತು. "ಮಾಮ, ನಿಂಗೆ ಸ್ಟಾಫ್ ನೊಟೇಶನ್ ಬರುತ್ತಲ್ವಾ? ಬರ್ಕೊಡು" ಅಂದಳು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ ಅದು. ಬರುತ್ತೆ ಅಂದುಬಿಟ್ಟೆ.

ಆರಿಸಿಕೊಂಡದ್ದು ಮುತ್ತುಸ್ವಾಮಿ ದೀಕ್ಷಿತರ ಒಂದು ನೊಟ್ಟುಸ್ವರ. ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ಯಾಂಡುಗಳ ಧಾಟಿಗೆ ಅವರು ಸಂಸ್ಕೃತ ಸಾಹಿತ್ಯ ಕೂರಿಸಿದ ಪುಟ್ಟ ರಚನೆಗಳು ಇವು. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಗೂ ಒಂದಿದೆ. ಶಂಕರಾಭರಣ, ಗಮಕದ ರಗಳೆಯಿಲ್ಲ, ಬರೀ 16 ಬಾರ್ (ತಾಳದ ಲೆಕ್ಕದ ಮನೆಗಳು). ಸ್ವರ ಬರೆಯುವ ಸಾಫ್ಟ್‌ವೇರಿನಲ್ಲಿ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಆಗಲೇ ಪ್ರಿಂಟ್ ತೆಗೆದು ಕೊಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಆದರೆ ಪ್ಲೇ ಬಟನ್ ಒತ್ತಿದೆ. ಸಾಫ್ಟ್‌ವೇರಿನ ವಯಲಿನ್ ಹಳೇ ಮೊಬೈಲಿನ ರಿಂಗ್‌ಟೋನ್ ಥರ ಕೇಳಿಸಿತು. ಅಮ್ಮ ಒಳಗಿನಿಂದ "ಯಾರದ್ದೋ ಫೋನು, ತಗೊಳ್ಳೋ" ಅಂದರು.

ನಾನಿರುವುದು ಮೈಸೂರಿನಲ್ಲಿ. ಇಲ್ಲಿನ ಅರಮನೆಯಲ್ಲಿ ಒಂದು ಕಾಲಕ್ಕೆ ನಿಜವಾದ ಪಾಶ್ಚಾತ್ಯ ವಾದ್ಯವೃಂದ ಇತ್ತು. ಜಯಚಾಮರಾಜ ಒಡೆಯರ್ ಅಂತೂ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೇ ಹಣ ಕೊಟ್ಟು ಬೆನ್ನಿಗೆ ನಿಂತವರು. ಮಹಾರಾಜರು ವಾದ್ಯದವರನ್ನು ಕರೆಸುತ್ತಿದ್ದರು. ನಾನು ಡೌನ್‌ಲೋಡ್ ಮಾಡಿದೆ.

ಸ್ಯಾಂಪಲ್ ಲೈಬ್ರರಿ ಅಂದರೆ ನಿಜವಾದ ವಾದಕರನ್ನು ಸ್ಟುಡಿಯೋದಲ್ಲಿ ಕೂರಿಸಿ, ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿದ ಕಣಜ. ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ, ಕಮಾನಿನಲ್ಲಿ ಒಂದು ಸಲ, ಬೆರಳಿನಲ್ಲಿ ಮೀಟಿ ಒಂದು ಸಲ. ಹೀಗಾಗಿ ಗಾತ್ರ ಹಿಗ್ಗುತ್ತದೆ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾವನ್ನು ರೆಕಾರ್ಡ್ ಮಾಡಿ ಸಿದ್ಧಪಡಿಸಿದ ಲೈಬ್ರರಿಯ ದೊಡ್ಡ ಆವೃತ್ತಿ ಸುಮಾರು 600 ಜಿಬಿ ಇದೆ. ನಾನು ತಂದದ್ದು ಬೇರೆ ಕಡೆಯದು, 38 ಜಿಬಿ. ನಾಲ್ಕು ಮಕ್ಕಳ 16 ಬಾರಿಗೆ ಅದೇ ಜಾಸ್ತಿ ಅಲ್ವಾ?

ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬಿದೆ. ಇಷ್ಟು ದೊಡ್ಡದನ್ನು ಪೂರ್ತಿ ರ‍್ಯಾಮಿಗೆ ಹಾಕಲು ಆಗುವುದಿಲ್ಲ. ಹಾಗಾಗಿ ಪ್ರತಿ ಸ್ವರದ ಮೊದಲ ಚೂರನ್ನಷ್ಟೇ ರ‍್ಯಾಮಿನಲ್ಲಿ ಇಟ್ಟುಕೊಂಡು, ಅದು ನುಡಿಯುವಷ್ಟರಲ್ಲಿ ಉಳಿದದ್ದನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತದೆ. ಹೋಟೆಲಿನಲ್ಲಿ ಮೊದಲು ನೀರು ತಂದಿಟ್ಟು, ಅಷ್ಟರಲ್ಲಿ ದೋಸೆ ಹೊಯ್ಯುವ ಹಾಗೆ.

ಇದೆಲ್ಲ ಗೊತ್ತಾದದ್ದು ಅಮ್ಮ ಟೇಬಲ್ ಒರೆಸಿದ ದಿನ. ಎಲ್ಲ ವಾದ್ಯಗಳೂ ಇದ್ದಕ್ಕಿದ್ದಂತೆ "ಟಿಕ್, ಟಿಕ್" ಅನ್ನತೊಡಗಿದವು. ಪ್ರತಿ ಸ್ವರವೂ ಹುಟ್ಟಿದ ಕೂಡಲೇ ಕಣ್ಣುಮುಚ್ಚುತ್ತಿತ್ತು. ಇಡೀ ವಾದ್ಯವೃಂದಕ್ಕೆ ಒಟ್ಟಿಗೆ ಬಿಕ್ಕಳಿಕೆ. ಎರಡು ಗಂಟೆ ಸೆಟಿಂಗ್ಸ್ ಕೆದಕಿದೆ. ಬಫರ್ ಸೈಜ್ ಬದಲಿಸಿದೆ, ಡ್ರೈವರ್ ಬದಲಿಸಿದೆ, ಲ್ಯಾಪ್‌ಟಾಪಿನ ಅಡಿಗೆ ಫ್ಯಾನ್ ಹಿಡಿದೆ. ಕೊನೆಗೆ ನೋಡಿದರೆ ಡಿಸ್ಕಿನ ಕೇಬಲ್ ಅರ್ಧ ಕಳಚಿತ್ತು. ನೀರು ಬರುತ್ತಿತ್ತು, ದೋಸೆ ಬರುತ್ತಿರಲಿಲ್ಲ.

ಆಮೇಲೆ ಕ್ರೆಶೆಂಡೋ, ಅಂದರೆ ಸದ್ದು ಕ್ರಮೇಣ ಏರುವುದರ ಸಮಸ್ಯೆ. ಐದನೇ ಬಾರಿನಲ್ಲಿ ಚೆಲ್ಲೋ ಒಂದು ದೀರ್ಘ ಸ್ವರವನ್ನು ಮೆಲ್ಲಗೆ ಹಿಡಿದು ಏರಿಸಬೇಕು. ನಾನು ಸ್ವರದ ಕೆಳಗೆ ಕ್ರೆಶೆಂಡೋದ ಉದ್ದನೆಯ ಗುರುತು ಎಳೆದೆ. ಚೆಲ್ಲೋ ಕ್ಯಾರೇ ಅನ್ನಲಿಲ್ಲ. ಕಾರಣ ಇಷ್ಟೇ. ಸಾಫ್ಟ್‌ವೇರ್ ನನ್ನ ಗುರುತನ್ನು ವೆಲಾಸಿಟಿಯಾಗಿ ಕಳಿಸುತ್ತಿತ್ತು. ಪಿಯಾನೋ ಥರದ ಕೀಬೋರ್ಡಿನ ಕೀಲಿಯನ್ನು ಎಷ್ಟು ಬಿರುಸಾಗಿ ಹೊಡೆದಿರಿ ಅನ್ನುವ ಲೆಕ್ಕ ಅದು. ಪಿಯಾನೋಗೆ ಅದು ಸಾಕು, ಹೊಡೆದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಆದರೆ ಕಮಾನು ಎಳೆಯುತ್ತಲೇ ಇರುತ್ತದೆ. ಲೈಬ್ರರಿ ಕಾಯುತ್ತಿದ್ದದ್ದು ಮಾಡ್ಯುಲೇಶನ್ ವೀಲ್ ಅನ್ನುವ, ಸ್ವರ ನುಡಿಯುತ್ತಿರುವಾಗಲೂ ತಿರುಗಿಸಬಹುದಾದ ಚಕ್ರದ ಸಂದೇಶಕ್ಕೆ, 0ಯಿಂದ 127ರವರೆಗಿನ ಸಂಖ್ಯೆಗೆ. ಒಬ್ಬರು ಕಾಗದ ಬರೆಯುತ್ತಿದ್ದರು, ಇನ್ನೊಬ್ಬರು ಫೋನಿಗೆ ಕಾಯುತ್ತಿದ್ದರು.

ಇದಕ್ಕೆ ಎಕ್ಸ್‌ಪ್ರೆಶನ್ ಮ್ಯಾಪ್ ಅಂತ ಒಂದು ವ್ಯವಸ್ಥೆಯಿದೆ. ಯಾವ ಗುರುತಿಗೆ ಯಾವ ಸಂದೇಶ ಅಂತ ಅಲ್ಲೇ ಹೇಳಿಕೊಡಬಹುದು. ಕ್ರೆಶೆಂಡೋವರೆಗೆ ಮಾಡಿದೆ. ಮೀಟುವುದಕ್ಕೂ ಕಮಾನಿಗೂ ಬದಲಿಸುವ ಭಾಗ ಬಂದಾಗ ತಾಳ್ಮೆ ಮುಗಿದಿತ್ತು. ಅಡ್ಡದಾರಿ ಹಿಡಿದೆ. ಲೈಬ್ರರಿಯಲ್ಲಿ ವಾದ್ಯಕ್ಕೆ ನಿಲುಕದಷ್ಟು ಕೆಳಗಿನ ಕೆಲವು ಸ್ವರಗಳು ಸ್ವಿಚ್ಚಿನ ಕೆಲಸ ಮಾಡುತ್ತವೆ. ಸದ್ದು ಬರುವುದಿಲ್ಲ, ನುಡಿಸುವ ಬಗೆ ಬದಲಾಗುತ್ತದೆ. ಕೀಸ್ವಿಚ್ ಅಂತ ಹೆಸರು. ಆ ಸ್ವರಗಳನ್ನು ಸ್ಕೋರಿನಲ್ಲೇ (ವಾದ್ಯಗಳಿಗೆ ಬರೆದ ಸ್ವರಲಿಪಿಯಲ್ಲೇ) ಬರೆದುಬಿಟ್ಟೆ. ಕೈಪಿಡಿಯಲ್ಲಿ ಸಿ1, ಅಂದರೆ 1ನೇ ನಂಬರಿನ ಆಕ್ಟೇವಿನ (ಸ್ಥಾಯಿಯ) ಸಿ ಸ್ವರ ಅಂತಿತ್ತು, ಸಿ1 ಬರೆದೆ.

ಚೆಲ್ಲೋ "ಬ್ರ್ವೋಂ" ಅಂದಿತು. ಮತ್ತೆ ನಾಲ್ಕು ಬಾರ್ ಬಿಟ್ಟು "ಬ್ರ್ವೋಂ". ಅಮ್ಮ ಬಾಗಿಲಲ್ಲಿ ಬಂದು ನಿಂತರು. "ಎಮ್ಮೆ ಕರು ಹಾಕ್ತಿದ್ಯೇನೋ?"

ವಾದ್ಯಗಳೂ ಕಂಪ್ಯೂಟರುಗಳೂ ಸ್ವರದ ಸಂದೇಶ ಕಳಿಸಿಕೊಳ್ಳುವ ಮಿಡಿ ಅನ್ನುವ ಪದ್ಧತಿ ಬಂದದ್ದು 1983ರಲ್ಲಿ. ಪಿಯಾನೋ ನಡುವಿನ ಸಿ ಸ್ವರಕ್ಕೆ 60 ಅನ್ನುವ ಸಂಖ್ಯೆ ಎಲ್ಲರಿಗೂ ಒಂದೇ. ಆದರೆ ಅದನ್ನು ಸಿ4 ಅನ್ನಬೇಕೋ ಸಿ3 ಅನ್ನಬೇಕೋ ಅಂತ ಇವತ್ತಿಗೂ ಒಮ್ಮತ ಇಲ್ಲ. ನಮ್ಮ ಬಿಲ್ಡಿಂಗಿನಲ್ಲಿ ನೆಲಮಹಡಿಯನ್ನೇ ಒಂದನೇ ಮಹಡಿ ಅನ್ನುವವರಿದ್ದಾರೆ. ಅವರ ಪಾರ್ಸೆಲ್ ದಿನಾ ಮೇಲಿನ ಮನೆಗೆ ಹೋಗುತ್ತದೆ. ಇದೂ ಹಾಗೇ. ಕೈಪಿಡಿಯ ಸಿ1 ಒಂದು ಮಹಡಿ ಕೆಳಗಿತ್ತು. ನನ್ನ ಸಾಫ್ಟ್‌ವೇರಿನ ಸಿ1 ಸರಿಯಾಗಿ ಚೆಲ್ಲೋದ ಅತಿ ದಪ್ಪ ತಂತಿಯ ಮೇಲೆ ಬಿದ್ದಿತ್ತು. ಎಲ್ಲವನ್ನೂ ಒಂದು ಆಕ್ಟೇವ್ ಕೆಳಗಿಳಿಸಿದೆ. ಎಮ್ಮೆ ಹೋಯಿತು.

ಹದಿನೇಳನೇ ದಿನ ರಾತ್ರಿ ಹನ್ನೊಂದಕ್ಕೆ 16 ಬಾರ್ ಶುರುವಿನಿಂದ ಕೊನೆವರೆಗೆ ನುಡಿಯಿತು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೂರು ಸಲ ಕೇಳಿದೆ. ಆ ಖುಷಿಯಲ್ಲೇ ಪಾರ್ಟುಗಳ, ಅಂದರೆ ಒಬ್ಬೊಬ್ಬರ ಸ್ವರದ ಹಾಳೆಗಳ ಪ್ರಿಂಟ್ ತೆಗೆದು, ಮರುದಿನ ಕ್ಲಾಸಿಗೆ ಒಯ್ದೆ.

ಮಕ್ಕಳು ಸ್ಟ್ಯಾಂಡಿಗೆ ಕಾಗದ ಸಿಕ್ಕಿಸಿಕೊಂಡರು. ಮೂವರು ಶ್ರುತಿ ಮಾಡಿಕೊಳ್ಳುತ್ತಿದ್ದರು. ಚೆಲ್ಲೋ ಹುಡುಗ ಮಾತ್ರ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದ.

"ಅಂಕಲ್, ಈ ಸ್ವರಕ್ಕೆ ನನ್ನ ಹತ್ರ ತಂತಿ ಇಲ್ಲ."

ಇಣುಕಿದೆ. ಸ್ಟಾಫಿನ ಕೆಳಗೆ ಏಣಿಯ ಹಾಗೆ ಐದು ಪುಟ್ಟ ಗೆರೆ, ಅದರ ಅಡಿಯಲ್ಲಿ ನೇತಾಡುವ ಒಂದು ಸ್ವರ. ಉಳಿದ ಮೂರು ಪಾರ್ಟುಗಳಲ್ಲಿ ಕೀಸ್ವಿಚ್‌ಗಳನ್ನು ಅಡಗಿಸಿದ್ದೆ. ಚೆಲ್ಲೋದಲ್ಲಿ ಮರೆತಿದ್ದೆ.

ಟೀಚರ್ ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು. "ಇದು ಅದಲ್ಲ, ಕಂಪ್ಯೂಟರಿಗೆ ಹೇಳಿದ್ದು" ಅಂದೆ. ಅವರಿಗೆ ಇನ್ನೂ ಗೊಂದಲವಾಯಿತು. ಅಕ್ಕನ ಮಗಳು ನನ್ನ ಪರಿಚಯವೇ ಇಲ್ಲದವಳ ಹಾಗೆ ಕಮಾನಿಗೆ ರೋಸಿನ್ ಉಜ್ಜತೊಡಗಿದಳು. ಜೇಬಿನಿಂದ ಪೆನ್ನು ತೆಗೆದು, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಒಂದೊಂದೇ ಸ್ವರ ಹೊಡೆದು ಹಾಕಿದೆ.

"ಅಂಕಲ್, ಅಲ್ಲಿ ಇನ್ನೊಂದು ಉಳ್ಕೊಂಡಿದೆ" ಅಂದ ಹುಡುಗ.